ಗುರುವಾರದ ಗೋಡೆ

ನಮ್ಮೂರಲ್ಲಿ ಗೋಡೆಗೆ ಮೊಳೆ ಹೊಡೆಯಬೇಕೆಂದರೆ ಅರ್ಜಿ ಕೊಡಬೇಕು. ಕೊಡದೆ ಹೊಡೆದರೆ ಯಾರೂ ದಂಡ ಹಾಕುವುದಿಲ್ಲ, ಬೈಯುವುದೂ ಇಲ್ಲ. ಗುರುವಾರ ಮಧ್ಯಾಹ್ನ ಮೂರು ಗಂಟೆ ಆದ ಮೇಲೆ ಆ ಮೊಳೆ ಅಲ್ಲಿರುವುದಿಲ್ಲ, ಅಷ್ಟೆ. ಅದಕ್ಕೆ ನೇತುಹಾಕಿದ್ದ ಕ್ಯಾಲೆಂಡರ್ ನೆಲದ ಮೇಲೆ ಬಿದ್ದಿರುತ್ತದೆ.

ಆ ಅರ್ಜಿಗಳನ್ನು ತೆಗೆದುಕೊಳ್ಳುವವಳು ನಾನು. ಹೆಸರು ಮಂದಾಕಿನಿ. ಪುರಸಭೆಯ ಮಾಡೆಲ್ ವಿಭಾಗದಲ್ಲಿ ಹದಿನಾಲ್ಕು ವರ್ಷದಿಂದ ಆಪರೇಟರ್. ಊರಿನ ಪ್ರತಿಯೊಂದು ಮನೆ, ಅಂಗಡಿ, ಗುಡಿ, ಮಸೀದಿ, ಬಸ್‌ ಸ್ಟ್ಯಾಂಡಿನ ಶೌಚಾಲಯ ಎಲ್ಲವೂ ನನ್ನ ಕಂಪ್ಯೂಟರಿನ ಮಾಡೆಲ್‌ನಲ್ಲಿ ಇವೆ. ಬೇಕಾದ ಕಡೆ ತಿರುಗಿಸಿ ನೋಡಬಹುದು, ಚಾವಣಿ ಎತ್ತಿ ಒಳಗೆ ಇಣುಕಬಹುದು. ಗುರುವಾರ ಮೂರಕ್ಕೆ ಸೈರನ್ ಕೂಗುತ್ತದೆ, ನಾನು ಒಂದು ಗುಂಡಿ ಒತ್ತುತ್ತೇನೆ, ಊರು ಮಾಡೆಲ್‌ನಲ್ಲಿ ಹೇಗಿದೆಯೋ ಹಾಗೆ ಆಗುತ್ತದೆ. ಕಚೇರಿಯ ಕಾಗದದಲ್ಲಿ ಇದಕ್ಕೆ ‘ಸಾಪ್ತಾಹಿಕ ಸಮನ್ವಯ’ ಎಂದು ಹೆಸರು. ಜನ ‘ಹೊಂದಿಕೆ’ ಅನ್ನುತ್ತಾರೆ. ನೆಲದ ಮೇಲೆ ಇಟ್ಟ ಸಾಮಾನಿಗೆ ಏನೂ ಆಗುವುದಿಲ್ಲ. ಗೋಡೆಗೆ ಸೇರಿಸಿದ್ದು, ಕಟ್ಟಿದ್ದು, ಕೆಡವಿದ್ದು ಮಾತ್ರ ಮಾಡೆಲ್ ಹೇಳಿದ ಹಾಗೆ ಕೇಳುತ್ತದೆ. ಮನುಷ್ಯರು ಮಾಡೆಲ್‌ನಲ್ಲಿ ಇಲ್ಲ. ಹಾಗಾಗಿ ಆ ಹೊತ್ತಿಗೆ, ಮಾಡೆಲ್‌ಗೆ ಸೇರಿಸದ ನಮ್ಮ ಕಚೇರಿ ಒಂದನ್ನು ಬಿಟ್ಟು, ಯಾವ ಕಟ್ಟಡದಲ್ಲೂ ಯಾರೂ ಒಳಗಿರಬಾರದು. ಒಳಗಿದ್ದರೆ ಏನಾಗುತ್ತದೆ ಎಂದು ನಮಗೆ ಗೊತ್ತಿಲ್ಲ. ಗೊತ್ತುಮಾಡಿಕೊಳ್ಳುವ ಕುತೂಹಲ ಇದುವರೆಗೆ ಯಾರಿಗೂ ಬಂದಿಲ್ಲ.

ಇದಕ್ಕೆಲ್ಲ ಊರು ಒಗ್ಗಿಕೊಂಡಿತ್ತು. ಗುರುವಾರ ಎರಡೂವರೆಗೇ ಜನ ಅಜ್ಜಿಯರನ್ನು ಕುರ್ಚಿಸಮೇತ ಎತ್ತಿಕೊಂಡು ಬೀದಿಗೆ ಬರುತ್ತಿದ್ದರು. ಕಡಲೆಕಾಯಿ ಮಾರುವವರಿಗೆ ಅದೇ ಸಂತೆ. ಸಂಬಂಧ ಕುದುರುತ್ತಿದ್ದದ್ದು, ಜಗಳ ಹತ್ತುತ್ತಿದ್ದದ್ದು, ಹಳೇ ಜಗಳ ಮರೆಯುತ್ತಿದ್ದದ್ದು ಎಲ್ಲ ಆ ಅರ್ಧ ಗಂಟೆಯಲ್ಲೇ. ಪ್ರತಿ ಬೀದಿಗೂ ಒಬ್ಬ ಕೂಗುವವರಿದ್ದರು. ಅವರು ಕಟ್ಟಡಗಳ ಒಳಗೆ ಒಂದು ಸುತ್ತು ಹಾಕಿ, ಹೊರಗೆ ಬಂದು, ಕೈಯೆತ್ತಿ ‘ಖಾಲಿ!’ ಎಂದು ಕೂಗಬೇಕು. ಎಲ್ಲಾ ಬೀದಿಯ ‘ಖಾಲಿ’ ಬಂದ ಮೇಲೆಯೇ ಸೈರನ್.

ಶಾಲೆ ಬೀದಿಯ ಕೂಗುವವರು ಬುಡೇನ್‌ಸಾಬ್ ಮೇಸ್ತ್ರಿ. ಎಪ್ಪತ್ತು ದಾಟಿದ ವಯಸ್ಸು. ಒಂದು ಕಾಲದಲ್ಲಿ ಊರಿನ ಅರ್ಧ ಗೋಡೆಗಳನ್ನು ಎಬ್ಬಿಸಿದ ಕೈ ಅವರದು. ಹೊಂದಿಕೆ ಬಂದ ಮೇಲೆ ಮೇಸ್ತ್ರಿಗಳಿಗೆ ಏನು ಕೆಲಸ? ಕೆಲವರು ಊರು ಬಿಟ್ಟರು, ಕೆಲವರು ಕಡಲೆಕಾಯಿ ಮಾರಿದರು. ಇವರು ಶಾಲೆಯ ಎದುರಿಗೆ ಟೀ ಅಂಗಡಿ ಇಟ್ಟುಕೊಂಡರು. ಅಂಗಡಿಯಲ್ಲಿ ಸಕ್ಕರೆ ಡಬ್ಬದ ಪಕ್ಕ ಅವರ ಕರಣೆ, ಗೋಡೆಯ ನೇರ ನೋಡುವ ತೂಗುಗುಂಡು ಎರಡೂ ಎಣ್ಣೆ ಹಚ್ಚಿಸಿಕೊಂಡು ಮಿರಮಿರ ಮಿನುಗುತ್ತಿದ್ದವು. ಜನ ಅವರನ್ನು ಮೇಸ್ತ್ರಿ ಎಂದೇ ಕರೆಯುತ್ತಿದ್ದರು, ಕುದುರೆ ಸತ್ತ ಮೇಲೂ ಜಟಕಾ ಸಾಬರನ್ನು ಜಟಕಾ ಸಾಬರು ಅನ್ನುವ ಹಾಗೆ.

ಆ ಶಾಲೆ ನಾನು ಮಾಡಿದ್ದು. ಹೊಸ ಕಟ್ಟಡ, ಎಂಟು ಕೋಣೆ, ಉದ್ದನೆಯ ಜಗಲಿ, ಬೆಳಕಿಗೆ ದೊಡ್ಡ ದೊಡ್ಡ ಕಿಟಕಿ. ಹನ್ನೊಂದು ದಿನ ಕೂತು ಮಾಡೆಲ್ ಮಾಡಿದ್ದೆ. ಹನ್ನೆರಡನೇ ದಿನ ಗುರುವಾರ. ಮೂರು ಗಂಟೆಗೆ ಖಾಲಿ ಜಾಗ, ಮೂರೂ ಒಂದಕ್ಕೆ ಶಾಲೆ. ಜನ ಚಪ್ಪಾಳೆ ತಟ್ಟಿದರು. ನನಗೆ ಶಾಲು ಹೊದಿಸಿದರು. ಆ ಶಾಲನ್ನು ನಮ್ಮಮ್ಮ ಇವತ್ತಿಗೂ ಬೀರುವಿನಿಂದ ತೆಗೆದು ಬಂದವರಿಗೆಲ್ಲ ತೋರಿಸುತ್ತಾರೆ.

ಒಂದು ಮಳೆಗಾಲ ಕಳೆಯಿತು. ಆಮೇಲೆ ಒಂದು ಶುಕ್ರವಾರ ಮೇಸ್ತ್ರಿ ನಮ್ಮ ಕಚೇರಿಗೆ ಬಂದರು. ಕೈಯಲ್ಲಿ ಮಕ್ಕಳ ನೋಟ್‌ಬುಕ್. ನಮ್ಮ ಎಂಜಿನಿಯರ್ ಫಾಲಾಕ್ಷಪ್ಪನವರು ಆಗಷ್ಟೇ ಊಟ ಮುಗಿಸಿ ಏಲಕ್ಕಿ ಜಗಿಯುತ್ತಿದ್ದರು. ಅವರು ಕೆಟ್ಟವರಲ್ಲ. ಪರದೆ ಹಸಿರಾಗಿದ್ದರೆ ನಗುತ್ತಿದ್ದರು, ಕೆಂಪಾದರೆ ನೀರು ಕುಡಿಯುತ್ತಿದ್ದರು. ನಿವೃತ್ತಿಗೆ ಎರಡು ವರ್ಷ ಇತ್ತು.

“ಸಾರ್, ಶಾಲೆಯ ನಾಲ್ಕನೇ ಕ್ಲಾಸಿನ ಪಡುವಲ ಗೋಡೆ ಬಿರುಕು ಬಿಡ್ತಾ ಇದೆ,” ಎಂದರು ಮೇಸ್ತ್ರಿ.

“ಇವತ್ತು ಶುಕ್ರವಾರ. ನಿನ್ನೆ ಸರಿಹೋಗಿರಬೇಕಲ್ಲ?”

“ಸರಿಹೋಗಿದೆ ಸಾರ್. ಮತ್ತೆ ಬಿಡ್ತದೆ.”

“ಮತ್ತೆ ಗುರುವಾರ ಸರಿಹೋಗ್ತದೆ.”

ಮೇಸ್ತ್ರಿ ನೋಟ್‌ಬುಕ್ ಬಿಚ್ಚಿದರು. ಪ್ರತಿ ಗುರುವಾರ ಹೊಂದಿಕೆ ಆದ ಮೇಲೆ, ಬಿರುಕು ಬೀಳುವ ಜಾಗದಲ್ಲಿ ಒಂದು ತೆಳು ಗಾಜಿನ ಪಟ್ಟಿಯನ್ನು ಸುಣ್ಣದಿಂದ ಅಂಟಿಸುತ್ತಿದ್ದರಂತೆ. ಗೋಡೆ ಒಂದು ಕೂದಲಿನಷ್ಟು ಸರಿದರೂ ಗಾಜು ಒಡೆಯುತ್ತದೆ. ಮೊದಲನೇ ವಾರ ಗಾಜು ಒಡೆದದ್ದು ಬುಧವಾರ. ಆಮೇಲೆ ಮಂಗಳವಾರ. ಆಮೇಲೆ ಭಾನುವಾರ. ಮೊನ್ನೆಯ ವಾರ ಶನಿವಾರ ಬೆಳಗ್ಗೆ. ವಾರದ ಹೆಸರುಗಳನ್ನು ದುಂಡಗೆ ಬರೆದಿದ್ದರು.

ಫಾಲಾಕ್ಷಪ್ಪನವರು ನನ್ನ ಕಡೆ ನೋಡಿದರು. ನಾನು ಶಾಲೆಯನ್ನು ತೆರೆದು, ನಾಲ್ಕನೇ ಕ್ಲಾಸನ್ನು ಹತ್ತಿರ ತಂದು, ಪಡುವಲ ಗೋಡೆಯನ್ನು ತಿರುಗಿಸಿ ತೋರಿಸಿದೆ. ಮೇಲಿಂದ ಕೆಳಗಿನವರೆಗೆ ಹಸಿರು.

“ಇದರಲ್ಲಿ ಬಿರುಕು ಎಲ್ಲಿದೆ ತೋರಿಸಿ ಮೇಸ್ತ್ರಿ.”

ಮೇಸ್ತ್ರಿ ಕನ್ನಡಕ ಏರಿಸಿ ನೋಡಿದರು. ಪರದೆಯನ್ನು ಬೆರಳಿಂದ ಮುಟ್ಟಿದರು. “ಸಾರ್, ಇದು ಗೋಡೆ ಅಲ್ಲ. ಗೋಡೆಯ ಫೋಟೋ.”

“ನೀವು ತಿರುಗಾಮುರುಗಾ ಹೇಳ್ತಿದೀರಿ,” ಎಂದರು ಎಂಜಿನಿಯರ್ ಬಹಳ ಮೃದುವಾಗಿ. “ಇದೇ ಗೋಡೆ. ಅಲ್ಲಿರೋದು ಇದರ ಫೋಟೋ.”

ನಮ್ಮೂರಿನ ಮಟ್ಟಿಗೆ ಆ ಮಾತಿನಲ್ಲಿ ತಪ್ಪಿರಲಿಲ್ಲ.

ಆದರೂ ಫಾಲಾಕ್ಷಪ್ಪನವರು ಸುಮ್ಮನೆ ಕೂರಲಿಲ್ಲ. ಸಮಿತಿ ಕರೆದರು. ವಾರದ ಕೊನೆಯಲ್ಲಿ ಗೋಡೆ ಸ್ವಲ್ಪ ‘ಆಯಾಸಗೊಳ್ಳುತ್ತದೆ’ ಎಂದು ವರದಿ ಬರೆದರು. ಪರಿಹಾರವಾಗಿ ಸೋಮವಾರವೂ ಹೊಂದಿಕೆ ನಡೆಸುವುದೆಂದು ತೀರ್ಮಾನವಾಯಿತು. ಎರಡು ತಿಂಗಳಿಗೆ ಅದೂ ಸಾಲದೆ, ದಿನಾ ಮೂರು ಗಂಟೆಗೆ ಎಂದಾಯಿತು. ಊರು ಅದಕ್ಕೂ ಒಗ್ಗಿಕೊಂಡಿತು. ಹೋಟೆಲಿನವರು ಸಂಜೆ ತಿಂಡಿಯ ಎಣ್ಣೆ ಕಾಯಿಸುವುದನ್ನು ನಾಲ್ಕಕ್ಕೆ ಹಾಕಿಕೊಂಡರು. ಬಾಣಂತಿಯರು ಕೂಸನ್ನು ಬಟ್ಟೆಯಲ್ಲಿ ಸುತ್ತಿಕೊಂಡು ದಿನಾ ಬೀದಿಗೆ ಬಂದರು, ಕೂಸಿಗೆ ಬಿಸಿಲು ಒಳ್ಳೆಯದು ಎಂದು ಡಾಕ್ಟರು ಹೇಳಿದರು. ದಿನಾ ಅಕ್ಕಪಕ್ಕದವರ ಮುಖ ನೋಡಿ ನೋಡಿ ಸಂಬಂಧ ಕುದುರುವುದು ಮಾತ್ರ ಕಡಿಮೆಯಾಯಿತು. ಒಂದು ಗೋಡೆಯ ಬಿರುಕಿಗಾಗಿ ಇಡೀ ಊರು ದಿನಾ ಮನೆ ಬಿಟ್ಟು ಹೊರಗೆ ನಿಲ್ಲುತ್ತಿದೆ ಎಂಬುದು ಯಾರಿಗೂ ವಿಚಿತ್ರವಾಗಿ ಕಾಣಲಿಲ್ಲ. ನನಗೂ ಕಾಣಲಿಲ್ಲ.

ಒಂದು ದಿನ ಮಧ್ಯಾಹ್ನ ಮೇಸ್ತ್ರಿ ಕಚೇರಿಯ ಬಾಗಿಲಲ್ಲಿ ನಿಂತು, “ಅಮ್ಮಾ, ಐದು ನಿಮಿಷ ಬರ್ತೀರಾ?” ಎಂದರು. ನಾನು ಹೋದೆ. ನಾನು ಮಾಡಿದ ಶಾಲೆಯೊಳಗೆ ನಾನು ಕಾಲಿಟ್ಟದ್ದು ಅದು ಎರಡನೇ ಸಲ. ಮೊದಲನೆಯದು ಶಾಲು ಹೊದಿಸಿದ ದಿನ.

ನಾಲ್ಕನೇ ಕ್ಲಾಸಿನಲ್ಲಿ ಮುಖ್ಯೋಪಾಧ್ಯಾಯಿನಿ ಎಸ್ತೇರ್ ಟೀಚರ್ ಮಗ್ಗಿ ಹೇಳಿಸುತ್ತಿದ್ದರು. ಪಡುವಲ ಗೋಡೆಯ ಪಕ್ಕದ ಎರಡು ಸಾಲು ಬೆಂಚು ಖಾಲಿ. “ನಾನೇ ಸರಿಸಿದೆ,” ಎಂದರು ಟೀಚರ್. “ಕಾರಣ ಕೇಳಿದರೆ ಗಾಳಿ ಜಾಸ್ತಿ ಅಂತ ಹೇಳ್ತೀನಿ.”

ಹಿಂದಿನ ದಿನ ಮೂರು ಗಂಟೆಗೆ ಹೊಸದಾದ ಗೋಡೆ. ಆಗ ಹನ್ನೆರಡೂವರೆ. ಕಿಟಕಿಯ ಮೂಲೆಯಿಂದ ನೆಲದವರೆಗೆ ಒಂದು ಗೆರೆ ಇಳಿದಿತ್ತು. ನಾನು ಉಗುರು ಇಟ್ಟೆ, ಉಗುರು ಒಳಗೆ ಹೋಯಿತು.

ಮೇಸ್ತ್ರಿ ನನ್ನನ್ನು ಜಗಲಿಗೆ ಕರೆದು, ಕಾಲಿನಿಂದ ನೆಲ ತಟ್ಟಿ ತೋರಿಸಿದರು. “ಇಲ್ಲಿಂದ ಆ ಗೋಡೆ ಕೆಳಗಿನ ತನಕ ಒಂದು ಬಾವಿ ಇದೆ. ಗಾಣದ ಬಾವಿ ಅಂತಿದ್ರು. ನಲವತ್ತು ಅಡಿ ಆಳ. ನೀವು ಹುಟ್ಟೋಕೆ ಮುಂಚೆ ಮುಚ್ಚಿದ್ದು.”

“ಯಾರು ಮುಚ್ಚಿದ್ದು?”

“ಯಾರೋ ಮುಚ್ಚಿದ್ರು ಬಿಡಿ. ನೀವು ಅಡಿಪಾಯ ಎಷ್ಟು ಕೊಟ್ಟಿದ್ದೀರಿ?”

ನಾನು ಕೊಟ್ಟಿರಲಿಲ್ಲ. ಅಡಿಪಾಯ ಎಂದು ಆರಿಸಿದರೆ ಅದು ತಾನಾಗಿಯೇ ಮೂರಡಿ ಬರುತ್ತದೆ. ಶಾಲೆಗೂ ಮೂರಡಿ, ಶೌಚಾಲಯಕ್ಕೂ ಮೂರಡಿ. ಅದರ ಕೆಳಗೆ ಮಾಡೆಲ್‌ನಲ್ಲಿ ಒಂದು ಬೂದು ಬಣ್ಣದ ಹಾಳೆ ಇದೆ, ಅದಕ್ಕೆ ನೆಲ ಎಂದು ಹೆಸರು, ದಪ್ಪ ಸೊನ್ನೆ.

ಕಚೇರಿಗೆ ವಾಪಸು ಬಂದು ಬಾಗಿಲು ಹಾಕಿಕೊಂಡೆ. ಮಾಡೆಲ್‌ನಲ್ಲಿ ಶಾಲೆಯ ಕೆಳಗೆ ಒಂದು ಬಾವಿ ಇಟ್ಟೆ. ನಲವತ್ತು ಅಡಿ. ಪರದೆ ಕೆಂಪಾಯಿತು. ಒಂದೇ ಜಾಗದಲ್ಲಿ ಎರಡು ವಸ್ತುಗಳಿವೆ, ಯಾವುದನ್ನು ಅಳಿಸಬೇಕು ಎಂದು ಕೇಳಿತು. ಎರಡು ಚೌಕ ಬಂದವು. ಒಂದರಲ್ಲಿ ಶಾಲೆ, ಒಂದರಲ್ಲಿ ಬಾವಿ. ನಾನು ತುಂಬ ಹೊತ್ತು ಕೂತೆ ಎಂದು ಹೇಳಿಕೊಳ್ಳಲು ಇಷ್ಟ. ನಿಜ ಹೇಳಬೇಕೆಂದರೆ ಒಂದು ಲೋಟ ನೀರು ಕುಡಿಯುವಷ್ಟು ಹೊತ್ತು. ಬಾವಿಯನ್ನು ಅಳಿಸಿದೆ. ಪರದೆ ಹಸಿರಾಯಿತು.

ಮಾರನೇ ದಿನ ಟೀ ಅಂಗಡಿಯ ಮುಂದೆ ಮೇಸ್ತ್ರಿ ಎದುರಾದರು. “ಏನಾಯ್ತಮ್ಮಾ?”

“ಆ ಬಾವಿ ರೆಕಾರ್ಡ್‌ನಲ್ಲಿ ಇಲ್ಲ ಮೇಸ್ತ್ರಿ.”

“ಆಯ್ತಮ್ಮಾ,” ಎಂದು ಟೀ ಬಗ್ಗಿಸಿ ಕೊಟ್ಟರು. ಆ ಟೀ ಕುಡಿದು ಮುಗಿಸುವುದು ನನಗೆ ಕಷ್ಟವಾಯಿತು.

ಅದೇ ದಿನ ಮೂರು ಗಂಟೆಗೆ ಎಲ್ಲ ಬೀದಿಗಳಿಂದ ‘ಖಾಲಿ’ ಬಂತು, ಶಾಲೆ ಬೀದಿಯಿಂದ ಬರಲಿಲ್ಲ. ಮೂರೂ ಹತ್ತಾಯಿತು. ಫಾಲಾಕ್ಷಪ್ಪನವರು ಎರಡು ಲೋಟ ನೀರು ಕುಡಿದರು. ಮೂರೂವರೆಗೆ ಸುದ್ದಿ ಬಂತು. ಮಕ್ಕಳೆಲ್ಲ ಹೊರಗೆ ಬಂದ ಮೇಲೆ ಬುಡೇನ್‌ಸಾಬರು ನಾಲ್ಕನೇ ಕ್ಲಾಸಿನೊಳಗೆ ಹೋಗಿ ಬೆಂಚಿನ ಮೇಲೆ ಕೂತುಬಿಟ್ಟಿದ್ದಾರೆ. ಕೇಳಿದರೆ, “ಒಳಗೆ ಮನುಷ್ಯ ಇದ್ದಾನೆ, ಖಾಲಿ ಅಂತ ಹೇಗೆ ಕೂಗಲಿ? ಸುಳ್ಳು ಹೇಳಿದ ಹಾಗಾಗ್ತದೆ,” ಎನ್ನುತ್ತಿದ್ದಾರೆ.

ಊರಿಗೆ ಮೊದಲ ಬಾರಿ ಹೊಂದಿಕೆ ತಪ್ಪಿತು. ಆವತ್ತು ಸಂಜೆ ಜನ ನಗಾಡಿದರು. ಎರಡನೇ ದಿನ ನಗು ನಿಂತಿತು. ಯಾರದೋ ಮದುವೆಗೆ ಮಹಡಿ ಬರಬೇಕಿತ್ತು, ಬರಲಿಲ್ಲ. ಯಾರದೋ ಅಡುಗೆಮನೆ ಹಳೇ ಜಾಗ ಬಿಟ್ಟು ಹೊಸ ಜಾಗಕ್ಕೆ ಹೋಗಬೇಕಿತ್ತು, ಅವರು ಪಾತ್ರೆಯನ್ನೆಲ್ಲ ಅಂಗಳಕ್ಕೆ ಹಾಕಿಕೊಂಡು ಕಾಯುತ್ತಿದ್ದರು. ಮೊಳೆ ಅರ್ಜಿ ಇಪ್ಪತ್ತಾರು ಬಾಕಿ. ಜನ ಶಾಲೆಯ ಮುಂದೆ ನಿಂತು ಕೂಗಿದರು, “ಒಬ್ಬ ಮುದುಕನ ಹಟಕ್ಕೆ ಊರೆಲ್ಲ ಕಾಯಬೇಕಾ?” ಮೇಸ್ತ್ರಿಯ ಹೆಂಡತಿ ಜೈತುನ್‌ಬಿ ಟಿಫಿನ್ ಕ್ಯಾರಿಯರ್ ಹಿಡಿದು ಆ ಗುಂಪಿನ ನಡುವೆ ತಲೆ ತಗ್ಗಿಸದೆ ನಡೆದುಹೋದರು. ವಾಪಸು ಬರುವಾಗ ಒಬ್ಬ, “ನಿಮ್ಮವರಿಗೆ ಬುದ್ಧಿ ಹೇಳಬಾರದೇನಮ್ಮಾ?” ಎಂದ. ಆಕೆ, “ಐವತ್ತು ವರ್ಷದಿಂದ ಹೇಳ್ತಾ ಇದೀನಪ್ಪಾ. ನೀನು ಒಂದು ಸಲ ಹೇಳಿ ನೋಡು,” ಎಂದರು.

ಮೂರನೇ ದಿನ ಎಸ್ತೇರ್ ಟೀಚರ್ ತಮ್ಮ ಮರದ ಅಡಿಕೋಲನ್ನು ಬಿರುಕಿಗೆ ಹಾಕಿ ನೋಡಿದರು. ಹನ್ನೆರಡು ಇಂಚೂ ಒಳಗೆ ಹೋಗಿ, ಅಡಿಕೋಲು ಕೈ ಜಾರಿ ಎಲ್ಲೋ ಕೆಳಗೆ ಬಿತ್ತು. ಬಿದ್ದ ಸದ್ದು ಬರಲಿಲ್ಲ ಎಂದು ಅವರು ಆಮೇಲೆ ಹೇಳಿದರು. ಅವರು ಗಂಟೆ ಬಾರಿಸಿ, ನೂರ ಎಂಬತ್ತು ಮಕ್ಕಳನ್ನೂ ಸಾಲಾಗಿ ನಡೆಸಿಕೊಂಡು ಹೋಗಿ ಸಂತೆಮಾಳದ ಶೆಡ್ಡಿನಲ್ಲಿ ಕೂರಿಸಿದರು. ಯಾರ ಅಪ್ಪಣೆ ಎಂದು ಸಮಿತಿಯವರು ಕೇಳಿದಾಗ, “ಅಡಿಕೋಲಿನ ಅಪ್ಪಣೆ,” ಎಂದರಂತೆ.

ಐದನೇ ದಿನ ಫಾಲಾಕ್ಷಪ್ಪನವರು ನನ್ನನ್ನು ಕರೆದರು. “ಮಂದಾಕಿನಿ, ನೀವು ಹೇಳಿದರೆ ಅವರು ಕೇಳಬಹುದು. ಹೇಗಾದರೂ ಹೊರಗೆ ಕರಕೊಂಡು ಬನ್ನಿ.”

ನಾನು ಹೋದಾಗ ಹನ್ನೊಂದು ಗಂಟೆ. ಮೇಸ್ತ್ರಿ ಮಕ್ಕಳ ಬೆಂಚಿನ ಮೇಲೆ ಮೊಣಕಾಲು ಮಡಿಸಿ ಕೂತಿದ್ದರು. ಬಿರುಕು ಈಗ ಗೆರೆಯಾಗಿರಲಿಲ್ಲ, ಅದರೊಳಗಿಂದ ಎದುರು ಬೀದಿಯ ಬೆಳಕು ಬರುತ್ತಿತ್ತು. ಐದು ದಿನ ಯಾರೂ ಮುಚ್ಚದೆ ಬಿಟ್ಟದ್ದಕ್ಕೆ ಅದು ತನ್ನ ನಿಜವಾದ ಅಳತೆಗೆ ಬಂದಿತ್ತು. ನಾನು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತೆ.

“ಮೇಸ್ತ್ರಿ, ನಾನು ಆವತ್ತು ಬಾವಿ ಹಾಕಿದ್ದೆ. ಕಂಪ್ಯೂಟರ್ ಶಾಲೆ ಬೇಕೋ ಬಾವಿ ಬೇಕೋ ಅಂತ ಕೇಳ್ತು. ಬಾವಿ ಅಳಿಸಿದೆ. ರೆಕಾರ್ಡ್ ಗಿಕಾರ್ಡ್ ಎಲ್ಲ ಸುಳ್ಳು. ನನಗೆ ಭಯ ಆಯ್ತು.”

ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಗೋಡೆ ನೋಡುತ್ತಲೇ ಹೇಳಿದರು, “ಆ ಬಾವಿ ಮುಚ್ಚಿದ್ದು ನಾನೇ ಅಮ್ಮಾ. ಇಪ್ಪತ್ತೆರಡು ವರ್ಷ ನನಗೆ. ಮೂರು ದಿನದಲ್ಲಿ ಮುಗಿಸು ಅಂದ್ರು. ಬೂದಿ, ಒಡಕು ಹೆಂಚು, ಕಸ, ಸಿಕ್ಕಿದ್ದೆಲ್ಲ ಸುರಿದೆ. ಪದರ ಪದರ ನೀರು ಹಾಕಿ, ಬಡಿದು ದಮ್ಮಸು ಮಾಡಬೇಕು. ಮಾಡಲಿಲ್ಲ. ಮೇಲೆ ಒಂದಡಿ ಕೆಂಪು ಮಣ್ಣು ಹರಡಿ, ಚೆನ್ನಾಗಿ ಕಾಣೋ ಹಾಗೆ ಮಾಡಿ ಕೊಟ್ಟೆ. ಮೇಲೆ ಯಾರು ಮನೆ ಕಟ್ತಾರೆ ಅಂದ್ಕೊಂಡೆ. ನೀವು ಶಾಲೆ ಇಟ್ಟ ದಿನ ನಾನೂ ಚಪ್ಪಾಳೆ ತಟ್ಟಿದೆ. ಬಾಯಿ ಬಿಡಲಿಲ್ಲ.” ಗೋಡೆಯಿಂದ ಕಣ್ಣು ತೆಗೆದು ನನ್ನ ಕಡೆ ತಿರುಗಿ, “ನಿಮಗೊಬ್ಬರಿಗೇ ಅಲ್ಲ, ಭಯ ನನಗೂ ಇತ್ತು,” ಎಂದರು.

ಅಷ್ಟರಲ್ಲಿ ಹೊಸ ಬಟ್ಟೆ ಹರಿದಂಥ ಸದ್ದಾಯಿತು. ಮುಂದಿನ ಸಾಲಿನ ಬೆಂಚು ತಾನಾಗಿಯೇ ಗೋಡೆಯ ಕಡೆ ಸರಿಯತೊಡಗಿತು. ಮೇಸ್ತ್ರಿ ನನ್ನ ರಟ್ಟೆ ಹಿಡಿದು ಎಳೆದ ರಭಸಕ್ಕೆ ನನ್ನ ಒಂದು ಚಪ್ಪಲಿ ಅಲ್ಲೇ ಉಳಿಯಿತು. ಜಗಲಿಯಿಂದ ಹಾರಿ ಬೀದಿಗೆ ಬಿದ್ದೆವು. ತಿರುಗಿ ನೋಡಿದರೆ ಪಡುವಲ ಗೋಡೆ ಬೀಳುತ್ತಿರಲಿಲ್ಲ, ನಿಂತ ಹಾಗೆಯೇ ಕೆಳಗೆ ಇಳಿಯುತ್ತಿತ್ತು. ಅದು ಇಳಿದ ಮೇಲೆ ಚಾವಣಿ ಬಿತ್ತು. ಪಕ್ಕದ ಕೋಣೆ ಅರ್ಧ ಮುರಿದು ಬಾಯಿ ತೆರೆದುಕೊಂಡು ನಿಂತಿತು. ಧೂಳು ಬೀದಿಯುದ್ದಕ್ಕೂ ಹರಡಿತು.

ಊರೆಲ್ಲ ಓಡಿ ಬಂತು. ಎಸ್ತೇರ್ ಟೀಚರ್ ಶೆಡ್ಡಿನಿಂದ ಓಡಿ ಬಂದು ಆ ಗುಂಡಿ ನೋಡಿ, ಬಾಯಿಯಲ್ಲೇ ನಾಲ್ಕನೇ ಕ್ಲಾಸಿನ ಹಾಜರಿ ಹೇಳತೊಡಗಿದರು. ಮಕ್ಕಳೆಲ್ಲ ಶೆಡ್ಡಿನಲ್ಲೇ ಇದ್ದಾರೆ ಎಂದು ಗೊತ್ತಿದ್ದೂ ಕೊನೆಯ ಹೆಸರಿನ ತನಕ ಹೇಳಿ ಆಮೇಲೆ ಅತ್ತರು.

ಸುಮಾರು ಹತ್ತು ನಿಮಿಷ ಜನ ಹೆದರಿದ್ದರು. ಆಮೇಲೆ ಯಾರೋ, “ಸದ್ಯ, ಯಾರಿಗೂ ಏನೂ ಆಗಲಿಲ್ಲ,” ಎಂದರು. ಇನ್ನೊಬ್ಬರು, “ಈಗ ಒಳಗೆ ಯಾರೂ ಇಲ್ಲವಲ್ಲ?” ಎಂದರು. ಮೂರನೆಯವರಿಗೆ ಅರ್ಥವಾಯಿತು. ಮೇಸ್ತ್ರಿ ಹೊರಗಿದ್ದಾರೆ. ಶಾಲೆ ಖಾಲಿ. ಹೊಂದಿಕೆ ಮಾಡಿದರೆ ಒಂದು ನಿಮಿಷದಲ್ಲಿ ಶಾಲೆ ಹೊಚ್ಚ ಹೊಸದಾಗಿ ಎದ್ದು ನಿಲ್ಲುತ್ತದೆ, ಜೊತೆಗೆ ಮದುವೆಯ ಮಹಡಿ, ಅಡುಗೆಮನೆ, ಇಪ್ಪತ್ತಾರು ಮೊಳೆ. ಗುಂಪಿನಲ್ಲಿ ಒಂದು ಖುಷಿ ಹಬ್ಬಿತು. ಜನ ಆಗಲೇ ಮನೆಯವರನ್ನು ಹೊರಗೆ ಕರೆಯತೊಡಗಿದರು. ಒಂದೊಂದೇ ಬೀದಿಯಿಂದ ‘ಖಾಲಿ’ ಬರತೊಡಗಿತು.

ಫಾಲಾಕ್ಷಪ್ಪನವರು ಧೂಳಿನಲ್ಲಿ ನಿಂತಿದ್ದರು. ಅಂಗಿಯೆಲ್ಲ ಬೆಳ್ಳಗೆ. “ಮಂದಾಕಿನಿ, ಕಚೇರಿಗೆ ಹೋಗಿ,” ಎಂದರು. ಧ್ವನಿ ಸಣ್ಣಗಿತ್ತು. ಮೇಸ್ತ್ರಿಯ ಕಡೆ ತಿರುಗಿ, “ಕೂಗಿ ಮೇಸ್ತ್ರಿ,” ಎಂದರು.

ಮೇಸ್ತ್ರಿ ಕೂಗಲಿಲ್ಲ. ರಸ್ತೆಯ ಮೇಲೆ ಕುಕ್ಕರುಗಾಲಲ್ಲಿ ಕೂತಿದ್ದರು. ಜೈತುನ್‌ಬಿ ಅವರ ತಲೆಯ ಧೂಳನ್ನು ಸೆರಗಿನಿಂದ ಒರೆಸುತ್ತಿದ್ದರು. ಜನ ಸುತ್ತ ನಿಂತು ಬೇಡಿದರು, ಗದರಿದರು, ಕೊನೆಗೆ ಕೈ ಮುಗಿದರು.

ನಾನು ಅವರ ಪಕ್ಕ ಕೂತೆ. “ಕೂಗಿ ಮೇಸ್ತ್ರಿ. ಈಗಲ್ಲ. ನಾನು ಕಚೇರಿ ಮುಟ್ಟಿ ಹದಿನೈದು ನಿಮಿಷ ಆದ ಮೇಲೆ ಕೂಗಿ.”

ಅವರು ತಲೆಯೆತ್ತಿ ನನ್ನನ್ನು ನೋಡಿದರು. ಮೊದಲು ಒಮ್ಮೆ ನಾನು ಅವರಿಗೆ ಸುಳ್ಳು ಹೇಳಿದ್ದೆ. ಎರಡನೇ ಸಲ ನಂಬಬೇಕೆಂದು ಏನೂ ಇರಲಿಲ್ಲ. “ನಲವತ್ತಲ್ಲ, ನಲವತ್ತೆರಡು ಅಡಿ,” ಎಂದರು. “ಬಾಯಿ ಹನ್ನೊಂದು.”

ಒಂದು ಕಾಲಿಗೆ ಮಾತ್ರ ಚಪ್ಪಲಿ ಹಾಕಿಕೊಂಡು ಕಚೇರಿಗೆ ಓಡಿದೆ. ಬಾವಿ ಇಟ್ಟೆ. ಕಟ್ಟೆ ಎರಡೂವರೆ ಅಡಿ ಎತ್ತರ ಕೊಟ್ಟೆ, ಯಾರಾದರೂ ಬಿದ್ದಾರು ಎಂದು. ಪರದೆ ಕೆಂಪಾಗಿ ಎರಡು ಚೌಕ ಬಂದವು. ನಾನು ಹನ್ನೊಂದು ದಿನ ಕೂತು ಮಾಡಿದ ಎಂಟು ಕೋಣೆ, ಉದ್ದನೆಯ ಜಗಲಿ, ದೊಡ್ಡ ಕಿಟಕಿಗಳು ಒಂದು ಚೌಕದಲ್ಲಿ ಪುಟ್ಟದಾಗಿ ಕೂತಿದ್ದವು. ಅದನ್ನು ಒತ್ತಿದೆ. ಅದು ಹೋಗುವುದಕ್ಕೆ ಒಂದು ಕ್ಷಣವೂ ಬೇಕಾಗಲಿಲ್ಲ. ಆಮೇಲೆ ಕಿಟಕಿಯ ಹತ್ತಿರ ನಿಂತು ಕಾದೆ. ದೂರದಲ್ಲಿ ಮುದುಕರೊಬ್ಬರ ಒಡಕು ಧ್ವನಿ ಕೇಳಿತು. “ಖಾಲಿ!”

ಸೈರನ್ ಕೂಗಿತು, ನಾನು ಗುಂಡಿ ಒತ್ತಿದೆ.

ಆ ನಿಮಿಷ ಬೀದಿಯಲ್ಲಿ ಏನಾಯಿತೆಂದು ನಾನು ನೋಡಲಿಲ್ಲ. ಕೇಳಿದ್ದು ಇಷ್ಟು: ಚಪ್ಪಾಳೆಗೆ ಎತ್ತಿದ ಕೈಗಳು ಹಾಗೆಯೇ ನಿಂತವು. ಧೂಳಿಲ್ಲ, ಮುರಿದ ಗೋಡೆಯಿಲ್ಲ, ಶಾಲೆಯಿಲ್ಲ. ಅಚ್ಚುಕಟ್ಟಾದ ಬಯಲು, ನಡುವೆ ಕಟ್ಟೆ ಕಟ್ಟಿದ ಬಾವಿ. ಫಾಲಾಕ್ಷಪ್ಪನವರು ಹೋಗಿ ಒಳಗೆ ಬಗ್ಗಿ ನೋಡಿದರು. ಒಂದು ಕಲ್ಲು ಎತ್ತಿ ಹಾಕಿದರು. ತಳ ಮುಟ್ಟಿದ ಸದ್ದು ಬರುವಷ್ಟರಲ್ಲಿ ಅವರ ಮುಖದ ಬಣ್ಣ ಹೋಗಿತ್ತಂತೆ. ಹದಿನಾಲ್ಕು ತಿಂಗಳು ನೂರ ಎಂಬತ್ತು ಮಕ್ಕಳನ್ನು ಯಾವುದರ ಮೇಲೆ ಕೂರಿಸಿದ್ದೆವು ಎಂಬುದು ಆಗ ಎಲ್ಲರಿಗೂ ಒಟ್ಟಿಗೆ ತಿಳಿಯಿತು. ತಿಳಿದ ಮೇಲೆ ಅವರು ಮಾಡಿದ ಮೊದಲ ಕೆಲಸ ನನ್ನನ್ನು ಬೈದದ್ದು. ಮೂರನೇ ದಿನ ಬಾವಿಯಲ್ಲಿ ನೀರು ಬಂತು. ಬೈದವರು ಕೊಡ ತಂದರು.

ತನಿಖೆ ನಡೆಯಿತು. ಸಾರ್ವಜನಿಕ ಕಟ್ಟಡವೊಂದನ್ನು ಆಪರೇಟರ್ ಯಾರ ಆದೇಶದ ಮೇಲೆ ಅಳಿಸಿದರು ಎಂಬುದು ಪ್ರಶ್ನೆ. ಅದು ಯಾಕೆ ಕುಸಿಯಿತು ಎಂಬ ಪ್ರಶ್ನೆ ತನಿಖೆಯ ವ್ಯಾಪ್ತಿಯಲ್ಲಿ ಇರಲಿಲ್ಲ, ಯಾಕೆಂದರೆ ಕುಸಿದ ಶಾಲೆ ಎಲ್ಲೂ ಇರಲಿಲ್ಲ. ನಾನು ಹೇಳಿಕೆಯನ್ನು ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಬಾಯಿ ತೆರೆಯುವ ಮೊದಲೇ ಫಾಲಾಕ್ಷಪ್ಪನವರು ಎದ್ದು ನಿಂತು, “ಆಕೆ ನನ್ನ ಆದೇಶದಂತೆ ಮಾಡಿದ್ದು,” ಎಂದರು. ಅದು ಧೈರ್ಯವೋ ಜಾಣತನವೋ ನನಗೆ ಇವತ್ತಿಗೂ ಗೊತ್ತಿಲ್ಲ. ಬಾವಿಯಲ್ಲಿ ಅಷ್ಟು ಹೊತ್ತಿಗೆ ಸಿಹಿನೀರು ಬಂದು, ಆ ಆದೇಶಕ್ಕೆ ಊರಲ್ಲಿ ಒಳ್ಳೆಯ ಹೆಸರಿತ್ತು. ನೀರಿನ ಲೋಟವನ್ನು ಮಾತ್ರ ಅವರು ಆವತ್ತು ಮುಟ್ಟಲಿಲ್ಲ.

ತನಿಖೆ ಮುಗಿಯುವ ತನಕ ಹೊಸ ಕಟ್ಟಡ ಯಾವುದನ್ನೂ ಮಾಡೆಲ್ ಮಾಡಬಾರದೆಂದು ತಡೆ ಬಂತು. ಬಿರುಕು ಬಿಡುವ ಗೋಡೆಯೇ ಇಲ್ಲವಾದ್ದರಿಂದ ಹೊಂದಿಕೆ ಮತ್ತೆ ವಾರಕ್ಕೊಮ್ಮೆ, ಗುರುವಾರಕ್ಕೆ ಬಂತು. ಮಕ್ಕಳು ಸಂತೆಮಾಳದ ಶೆಡ್ಡಿನಲ್ಲೇ ಉಳಿದರು. ಸಂತೆಯ ದಿನ ಬದನೆಕಾಯಿಯವರೂ ಐದನೇ ಕ್ಲಾಸಿನವರೂ ಒಬ್ಬರ ಮೇಲೊಬ್ಬರು ಕೂಗುತ್ತಿದ್ದರು. ಎಸ್ತೇರ್ ಟೀಚರ್ ಸಮಿತಿಗೆ ಹೋಗಿ ಸ್ಪಷ್ಟವಾಗಿ ಹೇಳಿದರು, “ನೀವು ನಾಳೆಯೇ ಶಾಲೆ ಇಟ್ಟುಕೊಟ್ಟರೂ ನಾನು ಮಕ್ಕಳನ್ನು ಒಳಗೆ ಬಿಡೋದಿಲ್ಲ. ಮೊದಲು ಯಾರಾದರೂ ಅಗೆದು ನೋಡಲಿ.”

ಅಗೆಯುವುದು ಗೊತ್ತಿದ್ದವರು ಊರಲ್ಲಿ ಒಬ್ಬರೇ. ಮೇಸ್ತ್ರಿ ಸಂತೆಮಾಳದ ಹಿಂದಿನ ಜಾಗದಲ್ಲಿ ಏಳು ಕಡೆ ಗುಂಡಿ ತೋಡಿಸಿ, ಮಣ್ಣು ಮೂಸಿ, ನಾಲಿಗೆಗೆ ಹಚ್ಚಿಕೊಂಡು, ಒಂದು ಜಾಗ ಒಪ್ಪಿದರು. ಆಮೇಲೆ, “ಕಟ್ಟೋದೂ ನಾನೇ,” ಎಂದರು. ಸಮಿತಿಯವರು ನಿಯಮ ಹುಡುಕಿದರು. ಹೊಸ ಕಟ್ಟಡವನ್ನು ಮಾಡೆಲ್‌ನಲ್ಲಿ ಬಿಡಿಸಲು ತಡೆ ಇತ್ತು. ಇರುವ ಕಟ್ಟಡವನ್ನು ದಾಖಲು ಮಾಡಲು ತಡೆ ಇರಲಿಲ್ಲ. ಹೀಗೆ, ಬಿಡಿಸಬಾರದ ಶಾಲೆಯನ್ನು ಮೊದಲು ಕಟ್ಟಿಬಿಡುವುದೆಂದೂ, ಕಟ್ಟಿದಷ್ಟನ್ನು ನಾನು ಪ್ರತಿ ಬುಧವಾರ ಅಳೆದು ಮಾಡೆಲ್‌ಗೆ ಸೇರಿಸುವುದೆಂದೂ ಠರಾವಾಯಿತು. ಸೇರಿಸದಿದ್ದರೆ ಗುರುವಾರ ಅವರ ಒಂದು ವಾರದ ಕೆಲಸ ಮಾಯವಾಗುತ್ತದೆ.

ಗೋಡೆ ಏಳುವುದನ್ನು ಊರಿನ ಅರ್ಧ ಜನ ನೋಡಿಯೇ ಇರಲಿಲ್ಲ. ಬುತ್ತಿ ಕಟ್ಟಿಕೊಂಡು ಬಂದು ನೋಡಿದರು. ಕಡಲೆಕಾಯಿ ಮಾರುತ್ತಿದ್ದ ಇಬ್ಬರು ಹಳೇ ಮೇಸ್ತ್ರಿಗಳು ತಟ್ಟೆ ಕೆಳಗಿಟ್ಟು ಗಾರೆ ಕಲಸಲು ನಿಂತರು. ಮೊದಲನೇ ವಾರ ಅಡಿಪಾಯ ತುಂಬಿ, ಮೇಲೆ ಮೂರು ವರಸೆ ಇಟ್ಟಿಗೆ ಬಂತು. ಬುಧವಾರ ಬೆಳಗಿನಿಂದ ನಾನು ಟೇಪು ಹಿಡಿದು ಮಂಡಿಯೂರಿ ಅಳೆದೆ. ಮಾಡೆಲ್‌ನಲ್ಲಿ ಕೂರಿಸಿದೆ. ನಾಲ್ಕು ಸಲ ತಾಳೆ ನೋಡಿದೆ.

ಗುರುವಾರ ಮೂರಕ್ಕೆ ಊರೆಲ್ಲ ಸಂತೆಮಾಳದಲ್ಲೇ ಸೇರಿತ್ತು. ನಾನು ಗುಂಡಿ ಒತ್ತಿ ಓಡೋಡಿ ಬಂದೆ. ಮೂರು ವರಸೆ ಇಟ್ಟಿಗೆ ಹಾಗೆಯೇ ಇತ್ತು. ಚಪ್ಪಾಳೆ ತಟ್ಟಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ, ಏನೂ ಬದಲಾಗಿರಲಿಲ್ಲವಲ್ಲ.

ಮೇಸ್ತ್ರಿ ಹತ್ತಿರ ಹೋಗಿ ಕೆಳಗಿನ ವರಸೆಯ ಮೇಲೆ ಅಂಗೈ ಆಡಿಸುತ್ತಾ ನಡೆದರು. ಒಂದು ಮೂಲೆ ದಾಟಿದರು. ಎರಡನೇ ಗೋಡೆಯ ಮಧ್ಯದಲ್ಲಿ ಕೈ ನಿಂತಿತು.

“ಅಮ್ಮಾ, ಇಲ್ಲಿ ಒಂದು ಸಂದು ಇತ್ತು.”

ನನಗೆ ನೆನಪಿತ್ತು. ಎರಡು ಇಟ್ಟಿಗೆಯ ನಡುವೆ ಒಂದು ಇಂಚು ಗಾರೆ ಇರಲಿಲ್ಲ. ವಯಸ್ಸಾದ ಕೈ, ತಪ್ಪಿರಬೇಕು ಎಂದುಕೊಂಡು ನಾನೇ ಮಾಡೆಲ್‌ನಲ್ಲಿ ಮುಚ್ಚಿದ್ದೆ. ನಾಲ್ಕು ಕಡೆ ಮುಚ್ಚಿದ್ದೆ.

“ತಪ್ಪು ಅಂದ್ಕೊಂಡು ಸರಿ ಮಾಡಿದೆ ಮೇಸ್ತ್ರಿ,” ಎಂದೆ.

“ನೀರು ಹೋಗೋಕೆ ಬಿಟ್ಟಿದ್ದು. ಮಳೆ ಬಂದ್ರೆ ಒಳಗಿನ ನೀರು ಎಲ್ಲಿಗೆ ಹೋಗಬೇಕು?” ಎಂದು ಅವರು ಉಳಿ, ಸುತ್ತಿಗೆ ತರಿಸಿದರು. ಇಡೀ ಊರಿನ ಮುಂದೆ ಅವುಗಳನ್ನು ನನ್ನ ಕೈಗೆ ಕೊಟ್ಟರು.

ಹದಿನಾಲ್ಕು ವರ್ಷ ಗೋಡೆ ಮಾಡಿದವಳು ನಾನು, ಗೋಡೆಗೆ ಉಳಿ ಇಟ್ಟದ್ದು ಅದೇ ಮೊದಲು. ಮೊದಲನೇ ಏಟು ಬೆರಳಿಗೆ ಬಿತ್ತು. ಜನ ನಕ್ಕರು. ಎರಡನೆಯದಕ್ಕೆ ಒಂದು ಚೂರು ಗಾರೆ ಉದುರಿತು. “ಸಣ್ಣಗೆ ಹೊಡೀರಿ, ಇಟ್ಟಿಗೆಗೆ ನೋವಾಗಬಾರದು,” ಎಂದು ಮೇಸ್ತ್ರಿ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತರು. ನಾಲ್ಕು ಸಂದು ಬಿಡಿಸುವಷ್ಟರಲ್ಲಿ ಐದೂವರೆ ಆಗಿತ್ತು. ಜನ ಒಬ್ಬೊಬ್ಬರಾಗಿ ಮನೆಗೆ ಹೋಗಿದ್ದರು. ನನ್ನ ಹೆಬ್ಬೆರಳು ನೀಲಿಗಟ್ಟಿತ್ತು. ಮೇಸ್ತ್ರಿ ಒಂದು ಚೊಂಬು ನೀರು ತಂದು ಗೋಡೆಯ ಒಳಗಡೆ ಸುರಿದರು. ಇಬ್ಬರೂ ಹೊರಗಡೆ ಬಂದು ನಿಂತು ನೋಡಿದೆವು. ಸ್ವಲ್ಪ ಹೊತ್ತು ಏನೂ ಬರಲಿಲ್ಲ. ಆಮೇಲೆ ನಾನು ಬಿಡಿಸಿದ ಮೂರನೇ ಸಂದಿನಿಂದ ನೀರು ಸಣ್ಣಗೆ ಇಳಿದು ಮಣ್ಣಿಗೆ ಸೇರಿತು.

“ಇದನ್ನ ಬರ್ಕೊಳ್ಳಿ,” ಎಂದರು ಮೇಸ್ತ್ರಿ.